ಬೆಂಕಿಯಲ್ಲಿ ಹುಟ್ಟಿದ ಕಲ್ಲುಗಳು ಮತ್ತು ಜೇಮ್ಸ್ ಹಟನ್

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ಎಡಿನ್‌ಬರೋ ನೋಡಿದ್ದೀರಿ? ನೋಡಿದವರಿಗೆ ಊರಿನ ಮಧ್ಯದಲ್ಲೇ ಇರುವ ಆರ್ಥರ್ಸ್ ಸೀಟ್ ಅನ್ನೋ ಗುಡ್ಡ ನೆನಪಿರುತ್ತೆ. ಅಪ್ಪನ ಕೈ ಹಿಡಿದು, ಏದುಸಿರು ಬಿಡ್ತಾ ಹತ್ತಿರ್ತೀರಿ. ಆ ಗುಡ್ಡದ ಪಕ್ಕದಲ್ಲೇ ಕೋಟೆಗೋಡೆಯ ಹಾಗೆ ಉದ್ದಕ್ಕೆ ನಿಂತಿರುವ ಒಂದು ಕಪ್ಪು ಬಂಡೆಸಾಲು ಇದೆ. ಅದರ ಹೆಸರು ಸಾಲ್ಸ್‌ಬರಿ ಕ್ರಾಗ್ಸ್. ಸುಮಾರು 250 ವರ್ಷಗಳ ಹಿಂದೆ ಆ ಬಂಡೆಸಾಲು ಕಾಣುವಂಥ ಜಾಗದಲ್ಲಿ ಒಬ್ಬರು ಮನೆ ಕಟ್ಟಿಕೊಂಡಿದ್ದರು. ಅವರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಈ ಕಲ್ಲು ಹುಟ್ಟಿದ್ದು ನೀರಿನಲ್ಲೋ, ಬೆಂಕಿಯಲ್ಲೋ?

ಕಲ್ಲು ಹೇಗೆ ಹುಟ್ಟಿದರೆ ನಮಗೇನು ಅಂತ ನಿಮಗೆ ಅನ್ನಿಸಬಹುದು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಭೂಮಿಯ ವಯಸ್ಸಿನ ಲೆಕ್ಕವೇ ಬದಲಾಗಿ ಹೋಯ್ತು. ಆ ವ್ಯಕ್ತಿಯೇ ಜೇಮ್ಸ್ ಹಟನ್. ಇವತ್ತು ಅವರನ್ನು ಆಧುನಿಕ ಭೂವಿಜ್ಞಾನದ ಪಿತಾಮಹ ಅಂತ ಕರೀತಾರೆ. ಬನ್ನಿ, ಅವರ ಕಥೆ ಕೇಳೋಣ. ಜೊತೆಗೆ ಬೆಂಕಿಯಲ್ಲಿ ಹುಟ್ಟಿದ ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ಏನು ವ್ಯತ್ಯಾಸ ಅಂತಲೂ ತಿಳಿಯೋಣ.

ವಕೀಲನಾಗಲಿಲ್ಲ, ವೈದ್ಯನಾಗಲಿಲ್ಲ

ಹಟನ್ ಹುಟ್ಟಿದ್ದು 1726ರಲ್ಲಿ, ಎಡಿನ್‌ಬರೋದಲ್ಲೇ. ಅಪ್ಪ ವ್ಯಾಪಾರಿ. ಜೇಮ್ಸ್ ತೀರಾ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡರು, ಅಮ್ಮನೇ ಮಕ್ಕಳನ್ನು ಸಾಕಿ ಓದಿಸಿದರು. 14ನೇ ವಯಸ್ಸಿಗೇ ಹುಡುಗ ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಅವನಿಗೆ ರಸಾಯನಶಾಸ್ತ್ರದ ಹುಚ್ಚು ಹಿಡೀತು. 17ನೇ ವಯಸ್ಸಿನಲ್ಲಿ ಒಬ್ಬ ವಕೀಲರ ಹತ್ತಿರ ಕೆಲಸ ಕಲಿಯಲು ಬಿಟ್ಟರೆ, ಕಾಗದಪತ್ರ ನಕಲು ಮಾಡುವುದು ಬಿಟ್ಟು ಅಲ್ಲಿದ್ದವರಿಗೆ ರಸಾಯನದ ಪ್ರಯೋಗ ತೋರಿಸ್ತಾ ಕೂತಿರ್ತಿದ್ದ! ಆ ವಕೀಲರು ಒಳ್ಳೆಯವರು. ಇವನಿಗೆ ಇದು ಒಗ್ಗುವ ಕೆಲಸವಲ್ಲ ಅಂತ ಅರ್ಥಮಾಡಿಕೊಂಡು ಬಿಟ್ಟು ಕಳಿಸಿದರು.

ಆಮೇಲೆ ಹಟನ್ ವೈದ್ಯಶಾಸ್ತ್ರ ಓದಿದರು. ಎಡಿನ್‌ಬರೋ, ಪ್ಯಾರಿಸ್, ಕೊನೆಗೆ ಹಾಲೆಂಡಿನ ಲೈಡನ್. 1749ರಲ್ಲಿ, ರಕ್ತ ಪರಿಚಲನೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನೂ ಪಡೆದರು. ಆದರೆ ವೈದ್ಯವೃತ್ತಿ ಮಾಡಲೇ ಇಲ್ಲ. ಎಂಜಿನಿಯರಿಂಗ್ ಓದಿ ಇನ್ನೇನೋ ಮಾಡುವವರು ಆಗಲೂ ಇದ್ದರು ನೋಡಿ!

ಹಾಗಾದರೆ ಹೊಟ್ಟೆಪಾಡು? ಸ್ನೇಹಿತರೊಬ್ಬರ ಜೊತೆ ಸೇರಿ ಹಟನ್ ಒಂದು ಉಪಾಯ ಕಂಡುಹಿಡಿದಿದ್ದರು. ಕಲ್ಲಿದ್ದಲು ಉರಿಸಿದಾಗ ಚಿಮಣಿಯಲ್ಲಿ ಕಟ್ಟುವ ಮಸಿಯಿಂದ ನವಸಾಗರ ತಯಾರಿಸುವುದು. ನವಸಾಗರ ಅಂದರೆ ಏನು ಅಂತ ನಿಮ್ಮ ಅಜ್ಜಿಯನ್ನು ಕೇಳಿ. ಹಿಂದೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು ಬೀದಿಗೆ ಬಂದಾಗ, ಬಿಸಿ ಪಾತ್ರೆಯ ಮೇಲೆ ಬಿಳಿ ಪುಡಿ ಉದುರಿಸಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದೇ. ಆ ಕಾಲದಲ್ಲಿ ಅದು ಈಜಿಪ್ಟಿನಿಂದ ಬರುತ್ತಿತ್ತು. ಇವರು ಊರಿನ ಮಸಿಯಿಂದಲೇ ಅದನ್ನು ಮಾಡಿದರು. ಆ ಆದಾಯ ಬದುಕಿಡೀ ಕೈಹಿಡಿಯಿತು.

ಹೊಲ ಕಲಿಸಿದ ಪಾಠ

ಅಪ್ಪನಿಂದ ಬಂದ ಜಮೀನು ಸ್ಕಾಟ್ಲೆಂಡಿನ ದಕ್ಷಿಣದ ಬೆರ್ವಿಕ್‌ಶೈರ್‌ನಲ್ಲಿ ಇತ್ತು. ಹಟನ್ ರೈತರಾಗಲು ಹೊರಟರು. ಸುಮ್ಮನೆ ಹೋಗಲಿಲ್ಲ. ಮೊದಲು ಇಂಗ್ಲೆಂಡಿನ ನಾರ್ಫಕ್‌ಗೆ ಹೋಗಿ ಹೊಸ ಬೇಸಾಯ ಪದ್ಧತಿಗಳನ್ನು ಕಲಿತರು. 1754ರ ಹೊತ್ತಿಗೆ ತಮ್ಮ ಹೊಲಕ್ಕೆ ಬಂದು ನೆಲೆಸಿದರು. ಕಲ್ಲು ತೆಗೆಸಿ, ನೀರು ಬಸಿಯಲು ಕಾಲುವೆ ತೋಡಿಸಿ, ಹದಿಮೂರು ಹದಿನಾಲ್ಕು ವರ್ಷ ಅಲ್ಲಿ ದುಡಿದರು.

ಹೊಲದಲ್ಲಿ ಕೆಲಸ ಮಾಡುವವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಮಳೆ ಬಂದಾಗಲೆಲ್ಲ ಒಂದಿಷ್ಟು ಮಣ್ಣು ಹಳ್ಳಕ್ಕೆ, ಹಳ್ಳದಿಂದ ನದಿಗೆ, ನದಿಯಿಂದ ಸಮುದ್ರಕ್ಕೆ ಹೋಗುತ್ತೆ. ಹೊಸ ಮಣ್ಣು ಬರಬೇಕಾದರೆ ಬಂಡೆ ಸವೆಯಬೇಕು. ಹಟನ್ ಯೋಚಿಸಿದರು. ಹೀಗೆ ಸವೆಯುತ್ತಲೇ ಹೋದರೆ ಬೆಟ್ಟಗಳೆಲ್ಲ ಎಂದೋ ಮಟ್ಟಸವಾಗಿ ಸಮುದ್ರ ಸೇರಬೇಕಿತ್ತು ಅಲ್ವಾ? ಆದರೂ ಬೆಟ್ಟಗಳಿವೆ. ಹಾಗಾದರೆ ಹೊಸ ನೆಲವನ್ನು ಮೇಲೆತ್ತುವ ಶಕ್ತಿ ಎಲ್ಲೋ ಇರಬೇಕು. ಆ ಶಕ್ತಿ ಭೂಮಿಯ ಒಳಗಿನ ಶಾಖ ಅಂತ ಅವರಿಗೆ ನಿಧಾನವಾಗಿ ಅನ್ನಿಸತೊಡಗಿತು.

1770ರ ಹೊತ್ತಿಗೆ ಅವರು ಎಡಿನ್‌ಬರೋಗೆ ವಾಪಸ್ ಬಂದು ಮೂವರು ಸಹೋದರಿಯರ ಜೊತೆ ನೆಲೆಸಿದ್ದರು. ಮದುವೆ ಆಗಲಿಲ್ಲ. ಸ್ನೇಹಿತರು ಎಂಥವರು ಗೊತ್ತಾ? ಕಾರ್ಬನ್ ಡೈಆಕ್ಸೈಡ್ ಬಗ್ಗೆ ಸಂಶೋಧನೆ ಮಾಡಿದ ಜೋಸೆಫ್ ಬ್ಲಾಕ್, ಅರ್ಥಶಾಸ್ತ್ರದ ಆಡಂ ಸ್ಮಿತ್, ಉಗಿ ಎಂಜಿನ್‌ನ ಜೇಮ್ಸ್ ವ್ಯಾಟ್. ಬ್ಲಾಕ್, ಸ್ಮಿತ್ ಜೊತೆ ಸೇರಿ ಹಟನ್ ವಾರಕ್ಕೊಮ್ಮೆ ಊಟ ಮಾಡುತ್ತಾ ಹರಟೆ ಹೊಡೆಯುವ ಒಂದು ಕೂಟವನ್ನೇ ಕಟ್ಟಿದ್ದರು.

ನೀರಿನವರು ಮತ್ತು ಬೆಂಕಿಯವರು

ಆ ಕಾಲದಲ್ಲಿ ಯೂರೋಪಿನಲ್ಲಿ ಬಹಳ ಹೆಸರು ಮಾಡಿದ್ದ ಒಬ್ಬ ಮೇಷ್ಟ್ರು ಇದ್ದರು. ಜರ್ಮನಿಯ ಫ್ರೈಬರ್ಗ್ ಗಣಿಶಾಲೆಯ ಏಬ್ರಹಾಂ ವರ್ನರ್. ಹಿಂದೊಮ್ಮೆ ಇಡೀ ಭೂಮಿಯನ್ನು ಸಮುದ್ರ ಮುಚ್ಚಿತ್ತು, ಅದರ ನೀರಿನಿಂದ ಒಂದೊಂದೇ ಕಲ್ಲು ಕೆಳಗೆ ಕೂತಿತು ಅನ್ನೋದು ಅವರ ವಾದ. ಮೊದಲು ಕೂತದ್ದು ಗ್ರಾನೈಟ್, ಆದ್ದರಿಂದ ಅದೇ ಎಲ್ಲಕ್ಕಿಂತ ಹಳೇ ಕಲ್ಲು. ಕಪ್ಪು ಬಸಾಲ್ಟ್ ಕೂಡ ನೀರಿನಲ್ಲೇ ಆದದ್ದು.

ಇದನ್ನು ಕೇಳಿ ನಗಬೇಡಿ. ಅವರು ದಡ್ಡರೇನಲ್ಲ. ಉಪ್ಪುನೀರು ಆರಿದಾಗ ಉಪ್ಪಿನ ಹರಳು ಕಟ್ಟುವುದನ್ನು ಎಲ್ಲರೂ ನೋಡಿದ್ದರು. ಗ್ರಾನೈಟಿನಲ್ಲೂ ಹರಳುಗಳೇ ಇವೆ. ಹಾಗಾದರೆ ಅದೂ ನೀರಿನಿಂದಲೇ ಕಟ್ಟಿರಬೇಕು ಅನ್ನುವುದು ಸಹಜವಾದ ಊಹೆ.

ಹಟನ್ ಇದಕ್ಕೆ ಒಪ್ಪಲಿಲ್ಲ. ಸಾಲ್ಸ್‌ಬರಿ ಕ್ರಾಗ್ಸ್ ಬಂಡೆಸಾಲಿನಲ್ಲಿ ಮರಳುಗಲ್ಲಿನ ಪದರಗಳ ನಡುವೆ ಕಪ್ಪು ಕಲ್ಲು ತೂರಿಕೊಂಡಿದೆ. ಅದು ತಾಗಿದ ಕಡೆ ಪದರ ಬಗ್ಗಿದೆ. ಒಂದು ಕಡೆಯಂತೂ ಒಂದು ತುಂಡು ಕಿತ್ತು ಮೇಲೆದ್ದಿದೆ. ತಾಗಿದ ಜಾಗದ ಮರಳುಗಲ್ಲು ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿಯಾಗಿದೆ. ತಣ್ಣಗೆ ನೀರಿನಲ್ಲಿ ಕೆಳಗೆ ಕೂತ ಕಲ್ಲು ಹೀಗೆಲ್ಲ ಮಾಡಲು ಸಾಧ್ಯವೇ? ಈ ಕಪ್ಪು ಕಲ್ಲು ಕರಗಿದ ಸ್ಥಿತಿಯಲ್ಲಿ ಕೆಳಗಿನಿಂದ ನುಗ್ಗಿ ಬಂದಿರಬೇಕು, ಮೇಲೆ ಉಕ್ಕುವ ಮೊದಲು ನೆಲದೊಳಗೇ ನಿಂತಿರಬೇಕು ಅಂತ ಅವರು ತೀರ್ಮಾನಿಸಿದರು. ಅದು ಸರಿಯಾಗಿತ್ತು. ಇವತ್ತು ನಾವು ಆ ಕಲ್ಲನ್ನು ಡೋಲರೈಟ್ ಜಾತಿಗೆ ಸೇರಿಸುತ್ತೇವೆ. ಅಲ್ಲಿ ಕಲ್ಲು ಕೀಳುತ್ತಿದ್ದವರು ಒಂದು ಬಂಡೆಯನ್ನು ಹಟನ್ ಮಾತಿಗೆ ಬೆಲೆ ಕೊಟ್ಟು ಒಡೆಯದೆ ಉಳಿಸಿದರಂತೆ. ಅದು ಇವತ್ತಿಗೂ ಹಟನ್ ಬಂಡೆ ಅಂತಲೇ ಅಲ್ಲಿದೆ.

1785ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಹಟನ್ ಅವರ ಭೂಮಿಯ ಸಿದ್ಧಾಂತ ಎಲ್ಲರ ಮುಂದೆ ಬಂತು. ಮೊದಲ ದಿನ ಅವರಿಗೆ ಹುಷಾರಿರಲಿಲ್ಲ. ಜೋಸೆಫ್ ಬ್ಲಾಕ್ ಅವರೇ ಪ್ರಬಂಧ ಓದಿದರು. ಎರಡನೇ ಸಲ ಹಟನ್ ತಾವೇ ಓದಿದರು.

ಆದರೆ ಒಂದು ದೊಡ್ಡ ತೊಡಕಿತ್ತು. ಗ್ರಾನೈಟ್! ಬಸಾಲ್ಟ್ ಜಾತಿಯ ಕಪ್ಪು ಕಲ್ಲು ಜ್ವಾಲಾಮುಖಿಯ ಲಾವಾದಂತೆ ಕಾಣುತ್ತೆ, ಒಪ್ಪಬಹುದು. ಗ್ರಾನೈಟ್ ಹಾಗೆ ಕಾಣುವುದಿಲ್ಲ. ಯಾವ ಜ್ವಾಲಾಮುಖಿಯಿಂದಲೂ ಗ್ರಾನೈಟ್ ಹರಿದುಬಂದದ್ದನ್ನು ಯಾರೂ ನೋಡಿಲ್ಲ. ಅದು ನಿಜವಾಗಿಯೂ ಮೊಟ್ಟಮೊದಲ ಕಲ್ಲಾಗಿದ್ದರೆ ಹಟನ್ ಸಿದ್ಧಾಂತ ಬಿದ್ದುಹೋಗುತ್ತಿತ್ತು.

ಗ್ಲೆನ್ ಟಿಲ್ಟ್ ಹೊಳೆಯಲ್ಲಿ

ಹಟನ್ ಹೀಗೆ ಲೆಕ್ಕ ಹಾಕಿದರು. ಗ್ರಾನೈಟ್ ಮೊದಲು ಹುಟ್ಟಿದ್ದರೆ ಬೇರೆ ಕಲ್ಲುಗಳು ಅದರ ಮೇಲೆ ಸುಮ್ಮನೆ ಕೂತಿರಬೇಕು. ಅದು ಆಮೇಲೆ ಕರಗಿದ ರಸವಾಗಿ ಬಂದಿದ್ದರೆ ಬೇರೆ ಕಲ್ಲಿನ ಬಿರುಕುಗಳಿಗೆ ನುಗ್ಗಿರಬೇಕು. ಯಾವುದು ನಿಜ ಅಂತ ತಿಳಿಯಲು ಎರಡೂ ಕಲ್ಲುಗಳು ಸೇರುವ ಜಾಗಕ್ಕೆ ಹೋಗಿ ನೋಡಬೇಕು, ಅಷ್ಟೇ. ತಮ್ಮ ಮಾತು ಸುಳ್ಳಾಗುವ ಸಾಧ್ಯತೆ ಇದೆ ಅಂತ ಗೊತ್ತಿದ್ದೂ, ಅದೇ 1785ರಲ್ಲಿ, ಸುಮಾರು 59ರ ವಯಸ್ಸಿನಲ್ಲಿ, ಅವರು ಸ್ಕಾಟ್ಲೆಂಡಿನ ಬೆಟ್ಟಗಾಡಿಗೆ ಹೊರಟರು. ಜೊತೆಗೆ ಚಿತ್ರ ಬರೆಯುವ ಸ್ನೇಹಿತ, ಎಲ್ಡಿನ್ನಿನ ಜಾನ್ ಕ್ಲರ್ಕ್.

ಗ್ಲೆನ್ ಟಿಲ್ಟ್ ಅನ್ನುವ ಕಣಿವೆಯಲ್ಲಿ ಹೊಳೆಯ ನೀರು ಬಂಡೆಯನ್ನು ತೊಳೆದು ಚೊಕ್ಕ ಮಾಡಿಟ್ಟಿತ್ತು. ಅಲ್ಲಿ ಹಟನ್ ಕಂಡದ್ದು ಇದು: ಕಪ್ಪಗಿನ ಹಳೇ ಕಲ್ಲಿನೊಳಗೆ ಕೆಂಪು ಗ್ರಾನೈಟ್ ರಕ್ತನಾಳಗಳ ಹಾಗೆ ಕವಲು ಕವಲಾಗಿ ನುಗ್ಗಿದೆ. ಕಪ್ಪು ಕಲ್ಲನ್ನು ಸೀಳಿದೆ, ಒಡೆದಿದೆ. ಒಡೆಯುವ ಕಲ್ಲು ಮೊದಲೇ ಇರಬೇಕು, ಒಡೆದು ನುಗ್ಗುವುದು ಆಮೇಲೆ ಬರಬೇಕು. ಅಂದರೆ ಗ್ರಾನೈಟ್ ಎಲ್ಲಕ್ಕಿಂತ ಹಳೆಯದಲ್ಲ, ಅದೂ ಒಂದು ಕಾಲದಲ್ಲಿ ರಸವಾಗಿತ್ತು! ಹಟನ್ ಎಷ್ಟು ಕುಣಿದಾಡಿದರು ಅಂದರೆ, ದಾರಿ ತೋರಿಸಲು ಬಂದಿದ್ದವರು ಇವರಿಗೆ ಚಿನ್ನವೋ ಬೆಳ್ಳಿಯೋ ಸಿಕ್ಕಿರಬೇಕು ಅಂದುಕೊಂಡರಂತೆ.

ಕಲ್ಲುಸಕ್ಕರೆ ಮತ್ತು ಲಾಲಿಪಾಪ್

ಈಗ ನಿಮಗೆ ಒಂದು ಸಂದೇಹ ಬಂದಿರಬೇಕು. ಎರಡೂ ಕರಗಿದ ರಸದಿಂದಲೇ ಆದರೆ ಗ್ರಾನೈಟ್ ಯಾಕೆ ದಪ್ಪ ಹರಳಿನದು, ಬಸಾಲ್ಟ್ ಯಾಕೆ ನುಣುಪು?

ಅಡುಗೆಮನೆಗೆ ಬನ್ನಿ. ಲಾಲಿಪಾಪ್ ಮಾಡುವವರು ಸಕ್ಕರೆ ಪಾಕವನ್ನು ಚೆನ್ನಾಗಿ ಕಾಯಿಸಿ ಬೇಗ ತಣಿಸುತ್ತಾರೆ. ಅದು ಗಾಜಿನ ಹಾಗೆ ಆಗುತ್ತೆ. ಒಳಗೆ ಒಂದು ಹರಳೂ ಕಾಣದು. ಕಲ್ಲುಸಕ್ಕರೆ ಮಾಡುವವರು ಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಡುತ್ತಾರೆ. ದೊಡ್ಡ ದೊಡ್ಡ ಹರಳು ಬೆಳೆಯುತ್ತವೆ. ಸಕ್ಕರೆ ಒಂದೇ, ಕೊಟ್ಟ ಸಮಯ ಬೇರೆ.

ಕಲ್ಲಿನ ಕಥೆಯೂ ಹೀಗೇ. ಕರಗಿದ ರಸ ತಣಿದು ಆದ ಕಲ್ಲಿಗೆ ಅಗ್ನಿಶಿಲೆ ಅಂತಾರೆ. ರಸ ಕಿಲೋಮೀಟರುಗಟ್ಟಲೆ ಆಳದಲ್ಲೇ ಉಳಿದರೆ, ಮೇಲಿನ ನೆಲ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಡುತ್ತೆ. ತಣಿಯಲು ಸಾವಿರಾರು, ಲಕ್ಷಾಂತರ ವರ್ಷ ಬೇಕು. ಹರಳುಗಳಿಗೆ ಬೆಳೆಯಲು ಬೇಕಾದಷ್ಟು ಸಮಯ. ಅದು ಗ್ರಾನೈಟ್. ಅದರ ಹರಳುಗಳನ್ನು ನೀವು ಬರಿಗಣ್ಣಿನಲ್ಲೇ ಗುರುತಿಸಬಹುದು. ಗಾಜಿನಂತೆ ಬೂದು ಬಣ್ಣಕ್ಕಿರುವುದು ಬೆಣಚು, ಬಿಳಿ ಅಥವಾ ನಸುಗೆಂಪಿನದು ಫೆಲ್ಡ್‌ಸ್ಪಾರ್, ಮಿನುಗುವುದು ಕಾಗೆಬಂಗಾರ. ಇಂಥ ಕಲ್ಲನ್ನು ನಮ್ಮ ಪಠ್ಯಪುಸ್ತಕಗಳು ಅಂತಸ್ಸರಣ ಅಗ್ನಿಶಿಲೆ ಅನ್ನುತ್ತವೆ.

ರಸ ನೆಲದ ಮೇಲೆ ಉಕ್ಕಿ ಹರಿದರೆ ಗಾಳಿ ತಾಗಿ ಬೇಗ ತಣಿಯುತ್ತೆ. ಹರಳುಗಳು ಸಾಸಿವೆಯಷ್ಟೂ ಬೆಳೆಯುವುದಿಲ್ಲ, ಎಷ್ಟೋ ಸಲ ಭೂತಗನ್ನಡಿ ಬೇಕು. ಅದು ಬಸಾಲ್ಟ್, ಅಂದರೆ ಬಹಿಸ್ಸರಣ ಅಗ್ನಿಶಿಲೆ. ನೆಲದೊಳಗೆ, ಆದರೆ ಅಷ್ಟೇನೂ ಆಳವಲ್ಲದ ಕಡೆ ಸಿಕ್ಕಿಕೊಂಡರೆ ಮಧ್ಯಮ ಗಾತ್ರದ ಹರಳು, ಅದೇ ಡೋಲರೈಟ್. ತೀರಾ ಬೇಗ ತಣಿದರೆ ಹರಳೇ ಇಲ್ಲದ ಕಪ್ಪು ಗಾಜು, ಅದರ ಹೆಸರು ಅಬ್ಸಿಡಿಯನ್. ಗುಳ್ಳೆಗಳೆಲ್ಲ ಒಳಗೇ ಉಳಿದು ಗಟ್ಟಿಯಾದರೆ ಪ್ಯೂಮಿಸ್. ಹಿಮ್ಮಡಿ ಉಜ್ಜಲು ಅಮ್ಮ ಇಟ್ಟುಕೊಂಡಿರುವ ಆ ಹಗುರ ಕಲ್ಲು ನೀರಿನಲ್ಲಿ ತೇಲುತ್ತೆ, ಪ್ರಯತ್ನ ಮಾಡಿ ನೋಡಿ.

ಇನ್ನೊಂದು ವ್ಯತ್ಯಾಸ ಬಣ್ಣದ್ದು. ಅದಕ್ಕೆ ಕಾರಣ ಸಮಯವಲ್ಲ, ರಸದಲ್ಲಿ ಏನಿದೆ ಅನ್ನೋದು. ಸಿಲಿಕಾ ಜಾಸ್ತಿ ಇದ್ದರೆ ಕಲ್ಲು ತಿಳಿ ಬಣ್ಣ, ಗ್ರಾನೈಟಿನ ಹಾಗೆ. ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಕಪ್ಪು ಮತ್ತು ಭಾರ, ಬಸಾಲ್ಟಿನ ಹಾಗೆ. ಗ್ರಾನೈಟಿನ ರಸವೇ ಮೇಲೆ ಬಂದು ಬೇಗ ತಣಿದರೆ ಅದು ರಯೊಲೈಟ್. ಬಸಾಲ್ಟಿನ ರಸವೇ ಆಳದಲ್ಲಿ ನಿಧಾನವಾಗಿ ತಣಿದರೆ ಗ್ಯಾಬ್ರೋ. ಆದ್ದರಿಂದ ಅಗ್ನಿಶಿಲೆ ಕೈಗೆ ಸಿಕ್ಕರೆ ಎರಡೇ ಪ್ರಶ್ನೆ ಕೇಳಿ: ಹರಳು ದಪ್ಪವೋ ಸಣ್ಣವೋ? ಬಣ್ಣ ತಿಳಿಯೋ ಗಾಢವೋ? ಮೊದಲನೆಯದು ಅದು ಎಷ್ಟು ನಿಧಾನವಾಗಿ ತಣಿಯಿತು ಅಂತ ಹೇಳುತ್ತೆ, ಎರಡನೆಯದು ಅದರೊಳಗೆ ಏನಿದೆ ಅಂತ.

ಆರು ಸಾವಿರ ವರ್ಷ ಸಾಲದು

ಗ್ರಾನೈಟ್ ಅಷ್ಟು ಆಳದಲ್ಲಿ ಹುಟ್ಟಿ ಈಗ ಬೆಟ್ಟದ ಮೇಲೆ ಕಾಣುತ್ತಿದೆ ಅಂದರೆ, ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲು ಸವೆದು ಹೋಗಿರಬೇಕು. ಹನಿ ಹನಿ ಮಳೆಯಿಂದ! ಅದಕ್ಕೆಷ್ಟು ಕಾಲ ಬೇಕು ಯೋಚಿಸಿ. ಆಗ ಬ್ರಿಟನ್ನಿನಲ್ಲಿ ಬಹಳಷ್ಟು ಜನ ಬೈಬಲ್ಲಿನ ಲೆಕ್ಕದಂತೆ ಭೂಮಿಗೆ ಸುಮಾರು 6000 ವರ್ಷ ಅಂತ ನಂಬಿದ್ದರು. ಹಟನ್ ತಾವೂ ದೇವರನ್ನು ನಂಬಿದವರೇ. ಆದರೆ ಬಂಡೆಗಳಲ್ಲಿ ಅವರಿಗೆ ಭೂಮಿಯ ಆರಂಭದ ಗುರುತಾಗಲಿ, ಅಂತ್ಯದ ಸುಳಿವಾಗಲಿ ಎಲ್ಲೂ ಸಿಗಲಿಲ್ಲ.

1788ರಲ್ಲಿ ಅವರು ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಅನ್ನೋ ಇಬ್ಬರು ಕಿರಿಯ ಸ್ನೇಹಿತರನ್ನು ದೋಣಿಯಲ್ಲಿ ಸಿಕರ್ ಪಾಯಿಂಟ್ ಎಂಬ ಕಡಲ ತೀರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಶೆಲ್ಫಿನಲ್ಲಿ ನಿಲ್ಲಿಸಿದ ಪುಸ್ತಕಗಳ ಹಾಗೆ ನೆಟ್ಟಗೆ ನಿಂತ ಬೂದು ಪದರಗಳು, ಅವುಗಳ ಮೇಲೆ ಮಲಗಿಸಿಟ್ಟ ಹಾಗೆ ಕೆಂಪು ಮರಳುಗಲ್ಲು. ಕೆಳಗಿನದು ಸಮುದ್ರದಲ್ಲಿ ಕೂತು, ಗಟ್ಟಿಯಾಗಿ, ಮಡಚಿ ಎದ್ದು, ಸವೆದು, ಆಮೇಲೆ ಅದರ ಮೇಲೆ ಹೊಸ ಪದರ ಬಂದಿರಬೇಕು. ಕಾಲದ ಆ ಆಳವನ್ನು ಕಂಡು ಪ್ಲೇಫೇರ್‌ಗೆ ತಲೆ ತಿರುಗಿದ ಹಾಗಾಯಿತಂತೆ.

ಎಲ್ಲರೂ ಒಪ್ಪಲಿಲ್ಲ. 1793ರಲ್ಲಿ ಐರ್ಲೆಂಡಿನ ರಸಾಯನಶಾಸ್ತ್ರಜ್ಞ ರಿಚರ್ಡ್ ಕರ್ವನ್ ಈ ಸಿದ್ಧಾಂತವನ್ನು ಕಟುವಾಗಿ ಟೀಕಿಸಿದರು. ಅದು ಧರ್ಮಕ್ಕೆ ವಿರುದ್ಧ ಅನ್ನುವ ಆರೋಪವೂ ಬಂತು. ಆಗ ಹಟನ್ ತೀವ್ರ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಆ ಟೀಕೆ ಕೈಗೆ ಬಂದ ಮರುದಿನವೇ ತಮ್ಮ ಸಿದ್ಧಾಂತವನ್ನು ದೊಡ್ಡ ಪುಸ್ತಕವಾಗಿ ಬರೆಯಲು ಕೂತರು. 1795ರಲ್ಲಿ ಎರಡು ಸಂಪುಟ ಹೊರಬಂತು. ಪಾಪ, ಅವರ ಬರವಣಿಗೆ ಅಷ್ಟು ಸರಳವಾಗಿರಲಿಲ್ಲ. ಬಹಳ ಜನ ಓದಲಿಲ್ಲ. 1797ರ ಮಾರ್ಚ್ 26ರಂದು ಹಟನ್ ತೀರಿಕೊಂಡರು.

ಕುಲುಮೆಯ ಸಾಕ್ಷಿ

ಸ್ನೇಹಿತರು ಮರೆಯಲಿಲ್ಲ. ಜೇಮ್ಸ್ ಹಾಲ್‌ಗೆ ಬಹಳ ದಿನದಿಂದ ಒಂದು ಆಸೆಯಿತ್ತು, ಕಲ್ಲನ್ನು ಕರಗಿಸಿ ನೋಡಬೇಕು ಅಂತ. ಭೂಮಿಯ ಮಹಾಕಾರ್ಯವನ್ನು ಒಂದು ಪುಟ್ಟ ಮೂಸೆಯಲ್ಲಿ ಅಳೆಯಲಾಗದು ಅಂತ ಹಟನ್‌ಗೆ ಅದು ಇಷ್ಟವಿರಲಿಲ್ಲ. ಹಿರಿಯರ ಮೇಲಿನ ಗೌರವದಿಂದ ಹಾಲ್ ಅವರು ಬದುಕಿರುವವರೆಗೂ ಕಾದರು. ಲೀತ್ ಊರಿನ ಗಾಜಿನ ಕಾರ್ಖಾನೆಯಲ್ಲಿ ನಡೆದ ಒಂದು ಘಟನೆಯೂ ಹಾಲ್‌ಗೆ ಗೊತ್ತಿತ್ತು. ಕರಗಿದ ಗಾಜು ಅಕಸ್ಮಾತ್ತಾಗಿ ನಿಧಾನವಾಗಿ ತಣಿದಾಗ ಗಾಜಾಗದೆ ಕಲ್ಲಿನಂತಾಗಿತ್ತು.

ಹಾಲ್ ಎಡಿನ್‌ಬರೋ ಸುತ್ತಮುತ್ತಲಿನ ಕಪ್ಪು ಕಲ್ಲುಗಳನ್ನು ಕುಲುಮೆಯಲ್ಲಿ ಕರಗಿಸಿದರು. ಬೇಗ ತಣಿಸಿದಾಗ ಗಾಜಾಯಿತು. ಅದನ್ನೇ ಮತ್ತೆ ಕಾಯಿಸಿ ನಿಧಾನವಾಗಿ ತಣಿಸಿದಾಗ ಹರಳಿನ ಕಲ್ಲಾಯಿತು! ನಿಜವಾದ ಲಾವಾದಲ್ಲೂ ಹಾಗೆಯೇ ಆಯಿತು. ಬೆಂಕಿಯಿಂದ ಗಾಜು ಮಾತ್ರ ಆಗುತ್ತೆ, ಕಲ್ಲಾಗುವುದಿಲ್ಲ ಅನ್ನುತ್ತಿದ್ದವರಿಗೆ ಉತ್ತರ ಸಿಕ್ಕಿತು. ಇದನ್ನು ಹಾಲ್ 1798ರಲ್ಲಿ ಪ್ರಕಟಪಡಿಸಿದರು, ಹಟನ್ ತೀರಿಕೊಂಡ ಮರುವರ್ಷ. ಈ ವಿಷಯದಲ್ಲಿ ಮಾತ್ರ ಗುರುವಿನ ಲೆಕ್ಕ ತಪ್ಪಿತ್ತು. ಆ ಪುಟ್ಟ ಮೂಸೆಯೇ ಗುರುವಿನ ಪರವಾಗಿ ಸಾಕ್ಷಿ ಹೇಳಿತು. 1802ರಲ್ಲಿ ಪ್ಲೇಫೇರ್ ಹಟನ್ ವಿಚಾರಗಳನ್ನು ಸರಳವಾಗಿ ತಿಳಿಸುವ ಪುಸ್ತಕ ಬರೆದರು. ಹಟನ್ ಸತ್ತ ವರ್ಷವೇ ಹುಟ್ಟಿದ ಚಾರ್ಲ್ಸ್ ಲಯೆಲ್ ದೊಡ್ಡವರಾಗಿ ಅದೇ ವಿಚಾರ ಬೆಳೆಸಿದರು. ಲಯೆಲ್ ಪುಸ್ತಕವನ್ನು ಹಡಗಿನಲ್ಲಿ ಒಯ್ದು ಓದಿದ ಯುವಕ ಚಾರ್ಲ್ಸ್ ಡಾರ್ವಿನ್.

ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಹಟನ್ ಸಮಾಧಿಗೆ ಹೆಸರಿನ ಫಲಕ ಬಂದದ್ದು 1947ರಲ್ಲಿ, ಅವರು ತೀರಿಕೊಂಡು 150 ವರ್ಷಗಳಾದ ಮೇಲೆ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ ಅಂತ ಈಗ ನಮಗೆ ಗೊತ್ತು.

ಊರಿಗೆ ಹೋದಾಗ ನೋಡಿ

ಮಕ್ಕಳೇ, ರಜೆಗೆ ಕರ್ನಾಟಕಕ್ಕೆ ಹೋದಾಗ ಆ ಎರಡು ಪ್ರಶ್ನೆಗಳನ್ನು ಜೊತೆಗೆ ತೆಗೆದುಕೊಂಡು ಹೋಗಿ. ರಾಮನಗರದ ಬೆಟ್ಟಗಳು, ಅಪ್ಪ ಅಮ್ಮ ಶೋಲೆ ಸಿನಿಮಾದಲ್ಲಿ ನೋಡಿದ ಅದೇ ಬಂಡೆಗಳು, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಹತ್ತಿರ ಹೋಗಿ ಹರಳು ನೋಡಿ. ವಿಜಯಪುರದ ಗೋಳಗುಮ್ಮಟ ಮುಟ್ಟಿ ನೋಡಿ, ಅದು ಕಪ್ಪು ಬೂದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಪೆನ್ಸಿಲ್ ಜೋಡಿಸಿಟ್ಟ ಹಾಗೆ ನಿಂತ ಕಲ್ಲಿನ ಕಂಬಗಳಿವೆ. ಲಾವಾ ತಣಿಯುವಾಗ ಕುಗ್ಗಿ, ಬಿರುಕುಬಿಟ್ಟು ಹಾಗಾದದ್ದು.

ಅಷ್ಟು ದೂರ ಯಾಕೆ, ಮನೆಯ ಅಡುಗೆ ಕಟ್ಟೆಯನ್ನೇ ನೋಡಿ. ಅಂಗಡಿಯವರು ಎಲ್ಲದಕ್ಕೂ ಗ್ರಾನೈಟ್ ಅಂತಾರೆ. ಆದರೆ ಚಾಮರಾಜನಗರದ ಕಡೆಯಿಂದ ಬರುವ ಪ್ರಸಿದ್ಧ ಕಪ್ಪು ಗ್ರಾನೈಟ್ ನಿಜವಾಗಿ ಡೋಲರೈಟ್. ಹೌದು, ಹಟನ್ ಮನೆಯ ಎದುರಿನ ಬಂಡೆಸಾಲಿನ ಜಾತಿಯದೇ. ಸಂಜೆ ಅಮ್ಮ ದೋಸೆಗೆ ಹಿಟ್ಟು ಕಲಸುವಾಗ ಟಾರ್ಚ್ ಹಿಡಿದು ಆ ಕಟ್ಟೆಯ ಹರಳುಗಳನ್ನು ನೋಡಿ. ಏನು ಕಂಡಿತು ಅಂತ ಮುಂದಿನ ಶನಿವಾರ ತರಗತಿಯಲ್ಲಿ ಹೇಳಿ. ಕನ್ನಡದಲ್ಲೇ!